ಸತೋಪಂತದ ಹಾದಿ: ಕೂಡಿ ಹೋಗಿ ಕೂಡಿ ಬರಲು

ಉತ್ತರಾಖಂಡದ ಬದರಿನಾಥದಿಂದ ಮೂರು ಕಿಲೋಮೀಟರ್ ಆಚೆ ಮಾಣಾ ಹಳ್ಳಿ. ಅದನ್ನೂ ಬಿಟ್ಟು ಎರಡು ಮೂರು ದಿನ ನಡೆದರೆ, ಅಲಕನಂದೆ ಹುಟ್ಟುವ ಹಿಮನದಿಯ ಮಗ್ಗುಲಲ್ಲಿ ಮೂರು ಮೂಲೆಯ ಹಸಿರು ಕೆರೆಯೊಂದು ಸಿಗುತ್ತದೆ. ಅದೇ ಸತೋಪಂತ ತಾಲ್, ಸಮುದ್ರಮಟ್ಟದಿಂದ ಸುಮಾರು 4,600 ಮೀಟರ್ ಮೇಲೆ. ಪಾಂಡವರು ಸ್ವರ್ಗಕ್ಕೆ ಹೊರಟ ಹಾದಿ ಇದೇ ಎಂದು ಅಲ್ಲಿಯ ಜನ ನಂಬುತ್ತಾರೆ. ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ಧರ್ಮರಾಯ ಹಿಂದಿರುಗಿ ನೋಡದೆ ನಡೆದ. ಗೆಳೆಯರು ಕೂಡಿ ಹೋಗುವ ಚಾರಣದಲ್ಲಿ ಮಾತ್ರ ಹಿಂದಿರುಗಿ ನೋಡುತ್ತಲೇ ನಡೆಯಬೇಕು. ಮುಂದೆ ನಾನು ಹೇಳುವುದೆಲ್ಲ ಇದೊಂದು ಮಾತಿನ ಸುತ್ತಲೇ ಇದೆ.

2024ರ ಜೂನ್ ಮೊದಲ ವಾರ ಇದೇ ಉತ್ತರಾಖಂಡದ ಸಹಸ್ರತಾಲ್ ಎಂಬ ಇನ್ನೊಂದು ಎತ್ತರದ ಕೆರೆಗೆ ಕರ್ನಾಟಕದ ಚಾರಣಿಗರಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. 9 ಜನ ಮನೆಗೆ ಮರಳಲಿಲ್ಲ. ಅವರಲ್ಲಿ ಅನುಭವಿ ಚಾರಣಿಗರೂ ಇದ್ದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಹೊಸಬರಿಗಾಗಿ ಇದನ್ನು ಬರೆಯಬೇಕೆನಿಸಿದ್ದು ಆಗಲೇ.

ಹಂತ 1: ಮೊದಲು ಜನ, ಆಮೇಲೆ ಟಿಕೆಟ್

ಆರು ಜನ ಸಾಕು, ಎಂಟಕ್ಕಿಂತ ಹೆಚ್ಚು ಬೇಡ. ಎಲ್ಲರೂ ಒಂದು ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ, ಎದುರೆದುರು ಕೂತು ಮಾತಾಡಿ. ವಾಟ್ಸಾಪ್ ಗುಂಪಿನಲ್ಲಿ ಇದು ಬಗೆಹರಿಯುವುದಿಲ್ಲ. ಯಾರಿಗೆ ಆಸ್ತಮಾ, ಯಾರಿಗೆ ಬಿಪಿ, ಯಾರು ಯಾವ ಮಾತ್ರೆ ನುಂಗುತ್ತಾರೆ ಎಂಬುದು ತಂಡದ ಎಲ್ಲರಿಗೂ ಗೊತ್ತಿರಬೇಕು. ಅಂದೇ ಮೂರು ವಿಷಯ ಬರೆದಿಟ್ಟುಕೊಳ್ಳಿ: ಕೆರೆಯ ದಿನ ಎಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದು, ಕೊನೆಯ ಮಾತು ಯಾರದು, ಯಾರಿಗಾದರೂ ಹುಷಾರು ತಪ್ಪಿದರೆ ಅವರ ಜೊತೆ ಕೆಳಗಿಳಿಯುವವರು ಯಾರು. ಮೇಲೆ ಹೋದ ಮೇಲೆ ಇದನ್ನು ಚರ್ಚಿಸಲು ಕೂತರೆ ಆಸೆ ಗೆಲ್ಲುತ್ತದೆ.

ನಡೆಯುವ ವೇಗ ತಂಡದಲ್ಲಿ ಎಲ್ಲರಿಗಿಂತ ನಿಧಾನದವರದ್ದು. ಅವರನ್ನು ಗೈಡ್‌ನ ಬೆನ್ನಿಗೇ, ಸಾಲಿನ ಮುಂದೆ ಬಿಡಿ. ಗಟ್ಟಿ ಕಾಲಿನವರೊಬ್ಬರು ಕೊನೆಯಲ್ಲಿರಲಿ.

ಹಂತ 2: ದಿನಗಳನ್ನು ಧಾರಾಳವಾಗಿ ಇಡಿ

ಜೂನ್, ಇಲ್ಲವೇ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ಭಾಗದವರೆಗೆ. ಜುಲೈ, ಆಗಸ್ಟ್‌ನ ಮಳೆಗೆ ಗುಡ್ಡ ಕುಸಿದು ರಸ್ತೆಯೇ ಮುಚ್ಚುತ್ತದೆ. ಚಳಿಗಾಲದಲ್ಲಿ ಹಿಮಕುಸಿತದ ಭಯ. 2025ರ ಫೆಬ್ರವರಿ 28ರಂದು ಮಾಣಾ ಹತ್ತಿರ ರಸ್ತೆ ಕೆಲಸದವರ ಬಿಡಾರದ ಮೇಲೆಯೇ ಹಿಮ ಜಾರಿ 8 ಜನ ಸತ್ತರು.

ಬೆಂಗಳೂರಿನಿಂದ ಡೆಹ್ರಾಡೂನ್ ಅಥವಾ ದೆಹಲಿ ಮೂಲಕ ಹೃಷಿಕೇಶ. ಅಲ್ಲಿಂದ ಬದರಿಗೆ ಸುಮಾರು 300 ಕಿಲೋಮೀಟರ್ ಬೆಟ್ಟದ ರಸ್ತೆ. ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ, ಜೋಶಿಮಠದಲ್ಲಿ ರಾತ್ರಿ ತಂಗಿ. ಬದರಿ ಸೇರಿದ ಮರುದಿನ ಕೆರೆಯ ಕಡೆ ಹೊರಡದೆ, ಹಗುರವಾಗಿ ಚರಣಪಾದುಕೆಯವರೆಗೋ ವಸುಧಾರಾ ಜಲಪಾತದವರೆಗೋ ಹತ್ತಿ, ಇಳಿದು ಬಂದು ಬದರಿಯಲ್ಲೇ ಮಲಗಿ. ಅಲ್ಲಿಂದ ಮುಂದೆ ಮೊದಲ ರಾತ್ರಿ ಲಕ್ಷ್ಮೀವನದಲ್ಲಿ ಟೆಂಟ್, ಎರಡನೆಯ ರಾತ್ರಿ ಅದರ ಮೇಲಿನ ಚಕ್ರತೀರ್ಥದಲ್ಲಿ, ಮೂರನೆಯ ದಿನ ಕೆರೆ. ಕೆರೆ ನೋಡಿ ಚಕ್ರತೀರ್ಥಕ್ಕೇ ಮರಳಿ, ನಾಲ್ಕನೆಯ ದಿನ ಬದರಿಗೆ ಇಳಿಯುವುದು. ಇದರ ಮೇಲೆ ಎರಡು ದಿನ ಕೈಯಲ್ಲಿರಲಿ, ಒಂದು ಹವಾಮಾನಕ್ಕೆ, ಇನ್ನೊಂದು ರಸ್ತೆಗೆ. ಊರು ಬಿಟ್ಟು ಊರು ಸೇರುವವರೆಗೆ ಹನ್ನೆರಡು ದಿನ. ಅಷ್ಟು ರಜೆ ಸಿಗದಿದ್ದರೆ ಈ ವರ್ಷ ಬೇರೆ ಬೆಟ್ಟ ನೋಡಿ, ಸತೋಪಂತ ಮುಂದಿನ ವರ್ಷಕ್ಕಿರಲಿ.

ಹಂತ 3: ಕಾಗದಪತ್ರ, ಗೈಡ್, ಪೋರ್ಟರ್

ಬದರಿಗೆ ಹೋಗುವವರೆಲ್ಲ ಚಾರ್‌ಧಾಮ್ ಯಾತ್ರೆಯ ಆನ್‌ಲೈನ್ ನೋಂದಣಿ ಮಾಡಿಸಬೇಕು. ಚಾರಣದ ಪರವಾನಗಿ ಬೇರೆ, ಅದು ಜೋಶಿಮಠದಲ್ಲಿ ಆಗುವ ಕೆಲಸ. ಆಧಾರ್ ಪ್ರತಿ, ಫೋಟೊ, ವೈದ್ಯರ ಪ್ರಮಾಣಪತ್ರ ಎರಡೆರಡು ಇರಲಿ. ಗಡಿ ಹತ್ತಿರವಾದ್ದರಿಂದ ವಿದೇಶಿ ಪಾಸ್‌ಪೋರ್ಟ್ ಇರುವವರು ತಿಂಗಳುಗಟ್ಟಲೆ ಮುಂಚೆ ವಿಚಾರಿಸಬೇಕು. ಅಮೆರಿಕದಿಂದ ಬರುವ ಗೆಳೆಯರಿಗೆ ಇನ್ನೊಂದು ಎಚ್ಚರಿಕೆ: ಅಲ್ಲಿ ಅಂಗಡಿಯಲ್ಲೇ ಸಿಗುವ ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಸಂದೇಶದ ಯಂತ್ರಗಳನ್ನು ಭಾರತದಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ.

ಸ್ಥಳೀಯ ಗೈಡ್ ಇಲ್ಲದೆ ಈ ಹಾದಿಗೆ ಹೋಗಲೇಬಾರದು. ಚಕ್ರತೀರ್ಥದ ಮೇಲೆ ಹಾದಿಯೆಂಬುದೇ ಇಲ್ಲ. ಹಿಮನದಿ ಹೊತ್ತು ತಂದು ಸುರಿದ ಬಂಡೆಗಳ ರಾಶಿ, ಅದರಡಿ ಮಂಜುಗಡ್ಡೆ, ವರ್ಷಕ್ಕೊಮ್ಮೆ ರೂಪ ಬದಲಿಸುವ ನೆಲ. ಪೋರ್ಟರ್‌ಗಳೊಂದಿಗೆ ಕೂಲಿ ಮಾತಾಡುವಾಗಲೇ ಅವರ ಬೂಟು, ಜಾಕೆಟ್, ಮಲಗಲು ಟೆಂಟ್ ಇದೆಯೇ ಕೇಳಿ. ಇಲ್ಲದಿದ್ದರೆ ನಿಮ್ಮ ಖರ್ಚಿನಲ್ಲಿ ಬಾಡಿಗೆಗೆ ತನ್ನಿ. ನಮ್ಮ ಹೊರೆ ಹೊತ್ತವರು ರಾತ್ರಿ ಪ್ಲಾಸ್ಟಿಕ್ ಹೊದ್ದು ನಡುಗುವುದನ್ನು ಒಮ್ಮೆ ಕಂಡಿದ್ದೇನೆ. ಇನ್ನೊಮ್ಮೆ ಕಾಣಲಾರೆ. ಕೂಲಿಗೆ ನಗದು ಇಟ್ಟುಕೊಳ್ಳಿ, ಚಿಲ್ಲರೆ ನೋಟುಗಳಲ್ಲಿ.

ಹಂತ 4: ಮೈ ಹದ ಮಾಡುವುದು

ಎರಡು ತಿಂಗಳು ಬೇಕು. ವಾರಕ್ಕೆ ನಾಲ್ಕು ದಿನ ಎಂಟು ಹತ್ತು ಕೆಜಿ ಚೀಲ ಹೊತ್ತು ಮೆಟ್ಟಿಲು ಹತ್ತಿ ಇಳಿಯಿರಿ. ತಂಡವೆಲ್ಲ ಸೇರಿ ಒಮ್ಮೆ ಕುಮಾರಪರ್ವತಕ್ಕೆ ಹೋಗಿಬನ್ನಿ. ಕುಕ್ಕೆಯಿಂದ ಹತ್ತುವ ಹಾದಿಯಲ್ಲಿ ಯಾರ ಬೂಟು ಕಚ್ಚುತ್ತದೆ, ಇಳಿಯುವಾಗ ಯಾರ ಮಂಡಿ ನೋಯುತ್ತದೆ, ಯಾರು ಸಿಡುಕುತ್ತಾರೆ ಎಲ್ಲ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ಎತ್ತರದ ಪ್ರಭಾವ ಒಂದೇ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಬಸ್ಸಿಳಿಯುವ ಬದರಿಯೇ 3,100 ಮೀಟರ್ ಇದೆ.

ಹಂತ 5: ಚೀಲ ಮತ್ತು ಒಲೆ

ಪಳಗಿದ ಬೂಟು, ನಾಲ್ಕು ಜೊತೆ ಉಣ್ಣೆ ಕಾಲುಚೀಲ, ಒಳಗೆ ಬೇಗ ಒಣಗುವ ಬಟ್ಟೆ, ಮಧ್ಯೆ ಉಣ್ಣೆ, ಮೇಲೆ ಮಳೆ ತಡೆಯುವ ಜಾಕೆಟ್. ಹತ್ತಿ ಬನಿಯನ್, ಜೀನ್ಸ್ ಬೇಡ, ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರುತ್ತವೆ. ಕಪ್ಪು ಕನ್ನಡಕ ಪ್ರತಿಯೊಬ್ಬರಿಗೂ ಬೇಕು, ಪೋರ್ಟರ್‌ಗಳಿಗೂ ಸೇರಿ. ಮಲಗುವ ಬಟ್ಟೆಯನ್ನು ದಪ್ಪ ಪಾಲಿಥಿನ್ ಚೀಲದಲ್ಲಿ ಕಟ್ಟಿ, ಎಂಥ ಮಳೆ ಬಂದರೂ ಅದು ಒಣಗಿರಬೇಕು.

ಅಡುಗೆಯ ವಿಷಯದಲ್ಲಿ ಹೊಸಬರೆಲ್ಲ ತಪ್ಪುವುದು ಅನ್ನ, ಬೇಳೆಯಲ್ಲಿ. 4,600 ಮೀಟರ್ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿ ನೀರು ಕೊತಕೊತ ಎನ್ನುತ್ತಿರುತ್ತದೆ, ಬೇಳೆ ಮಾತ್ರ ಗಂಟೆ ಕಳೆದರೂ ಕಲ್ಲು. ಚಿಕ್ಕ ಪ್ರೆಷರ್ ಕುಕ್ಕರ್ ಒಯ್ಯಿರಿ. ಇಲ್ಲದಿದ್ದರೆ ಹುರಿದ ರವೆ, ಅವಲಕ್ಕಿ, ಶಾವಿಗೆ, ಹುರಿಹಿಟ್ಟು. ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದ ಉಪ್ಪಿಟ್ಟಿನ ರವೆಗೆ ಬಿಸಿನೀರು ಬಿದ್ದರೆ ಐದು ನಿಮಿಷದಲ್ಲಿ ಊಟ. ಜೊತೆಗೆ ಚಟ್ನಿಪುಡಿ, ಬೆಲ್ಲ, ಕಡಲೆಕಾಯಿ. ಎತ್ತರದಲ್ಲಿ ಹಸಿವು ಸಾಯುತ್ತದೆ, ಆಗ ನಾಲಿಗೆ ಬಲ್ಲ ರುಚಿಯೇ ಒಂದು ತುತ್ತು ಒಳಗಿಳಿಸುತ್ತದೆ. ಕುಡಿಯುವ ನೀರನ್ನು ಮೂರು ನಿಮಿಷವಾದರೂ ಕುದಿಸಿ.

ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ಹೃಷಿಕೇಶದಲ್ಲೋ ಡೆಹ್ರಾಡೂನ್‌ನಲ್ಲೋ ಕೊಳ್ಳಿ. ಬ್ಯೂಟೇನ್ ತುಂಬಿದ ಡಬ್ಬಿ ಸೊನ್ನೆ ಡಿಗ್ರಿಯ ಚಳಿಯಲ್ಲಿ ಸರಿಯಾಗಿ ಉರಿಯದು. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗ್‌ನೊಳಗೆ ಇಟ್ಟುಕೊಂಡು ಮಲಗಿದರೆ ಬೆಳಗಿನ ಚಹಾ ಸಿಗುತ್ತದೆ. ಟೆಂಟಿನೊಳಗೆ ಮಾತ್ರ ಒಲೆ ಹಚ್ಚಬೇಡಿ, ಅದರ ವಿಷಗಾಳಿ ನಿದ್ದೆಯಲ್ಲೇ ಕೊಲ್ಲುತ್ತದೆ.

ಹಂತ 6: ತಲೆನೋವನ್ನು ಮುಚ್ಚಿಡಬೇಡಿ

ಕೆರೆಯ ಬಳಿ ಗಾಳಿಯ ಒತ್ತಡ ನಮ್ಮ ಕರಾವಳಿಯಲ್ಲಿರುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು ಎಂಬುದು ವೈದ್ಯರ ಮಾತು. ತಲೆನೋವು, ಓಕರಿಕೆ, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು. ಅವು ಇರುವಷ್ಟು ಹೊತ್ತು ಮೇಲೆ ಹತ್ತಬೇಡಿ. ಈ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಊರಲ್ಲೇ ವೈದ್ಯರನ್ನು ಕೇಳಿ ಒಯ್ಯಿರಿ. ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ಬೆಳಗಾಗಲಿ ಎಂದು ಕಾಯಬಾರದು, ಆಗಲೇ ಇಳಿಸಬೇಕು.

ಒಂದು ಸಲ ಚಕ್ರತೀರ್ಥದಲ್ಲಿ, ದಾರಿಯುದ್ದಕ್ಕೂ ಮಾತಾಡುತ್ತಲೇ ಬಂದ ಗೆಳೆಯನೊಬ್ಬ ಸಂಜೆ ಸುಮ್ಮನೆ ಕೂತ. ತಟ್ಟೆಯ ಉಪ್ಪಿಟ್ಟು ಹಾಗೇ ಇತ್ತು. "ಏನಿಲ್ಲ ಮಾರಾಯ, ಸುಸ್ತು" ಎಂದ. ಟೆಂಟಿನ ಹಗ್ಗದ ಪಕ್ಕ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ನಡಿ ನೋಡೋಣ ಎಂದೆ. ಎರಡನೇ ಹೆಜ್ಜೆಗೇ ವಾಲಿದ. ಇನ್ನೂ ಬೆಳಕಿತ್ತು. ಗೈಡ್ ಮತ್ತು ನಾನು ಅವನ ಎರಡೂ ತೋಳು ಹಿಡಿದು ಲಕ್ಷ್ಮೀವನಕ್ಕೆ ಇಳಿಸಿದೆವು, ಕೊನೆಯ ಅರ್ಧ ಗಂಟೆ ಟಾರ್ಚ್ ಬೆಳಕಿನಲ್ಲಿ. ಬೆಳಿಗ್ಗೆ ಎದ್ದು ಅವನೇ ಚಹಾ ಕೇಳಿದ. ಆ ವರ್ಷ ನಾನು ಕೆರೆ ನೋಡಲಿಲ್ಲ. ಅವನ ಕೈಯಲ್ಲಿ ನಡುಗದೆ ನಿಂತಿದ್ದ ಆ ಚಹಾ ಲೋಟ ನೋಡಿದೆ.

ಹಂತ 7: ಕೆರೆಯ ದಿನ

ಬೆಳಕು ಹರಿಯುವ ಹೊತ್ತಿಗೇ ಹೊರಡಿ. ಬಿಸಿಲೇರಿದಂತೆ ಮಂಜು ಕರಗಿ ಕಲ್ಲುಗಳು ಉರುಳತೊಡಗುತ್ತವೆ, ಮಧ್ಯಾಹ್ನದ ಮೇಲೆ ಮೋಡ ಕವಿಯುತ್ತದೆ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬೇಡಿ. ಊರಲ್ಲಿ ಬರೆದಿಟ್ಟ ಗಂಟೆಯಾದರೆ ಕೆರೆ ಕಣ್ಣಿಗೆ ಕಾಣುತ್ತಿದ್ದರೂ ತಿರುಗಿ.

ಏಕಾದಶಿಯಂದು ಬ್ರಹ್ಮ, ವಿಷ್ಣು, ಮಹೇಶ್ವರರು ಒಂದೊಂದು ಮೂಲೆಯಲ್ಲಿ ಮೀಯುತ್ತಾರೆಂದೂ, ನೀರಿಗೆ ಬಿದ್ದ ಕಡ್ಡಿಯನ್ನು ಹಕ್ಕಿಗಳೇ ಹೆಕ್ಕಿ ಒಯ್ಯುತ್ತವೆಂದೂ ಅಲ್ಲಿ ಹೇಳುತ್ತಾರೆ. ಸೋಪು, ಶಾಂಪೂ ಆ ನೀರಿಗೆ ತಾಗದಿರಲಿ. ಶೌಚಕ್ಕೆ ನೀರಿನಿಂದ ಅರವತ್ತು ಮೀಟರ್ ದೂರ ಹೋಗಿ. ಬಿಸ್ಕತ್ತಿನ ಕಾಗದದಿಂದ ಖಾಲಿ ಗ್ಯಾಸ್ ಡಬ್ಬಿಯವರೆಗೆ ಒಯ್ದದ್ದೆಲ್ಲ ಚೀಲದಲ್ಲೇ ಮರಳಿ ಬರಬೇಕು.

ಇಳಿದು ಬಂದಾಗ ಮೊಬೈಲಿಗೆ ಸಿಗ್ನಲ್ ಹಿಡಿಯುತ್ತದೆ, ಎಲ್ಲರ ಕೈ ಜೇಬಿಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಸಾಲಿನ ಕೊನೆಯವರು, ಪೋರ್ಟರ್‌ಗಳು ಬಂದು ಹೊರೆ ಇಳಿಸಲಿ. ತಲೆ ಎಣಿಸಿ, ಆಮೇಲೆ ಮನೆಗೆ ಫೋನ್ ಮಾಡಿ "ಎಲ್ಲರೂ ಬಂದೆವು" ಎನ್ನಿ. ಬದರಿಯ ತಪ್ತಕುಂಡದ ಬಿಸಿನೀರಿಗೆ ಕಾಲು ಇಳಿಬಿಡುವುದು ಅದಾದ ಮೇಲೆ.