ಅಪೀಲು ಹೋಗುವವರೇ, ಮೊದಲು ನಕಲಿಗೆ ಅರ್ಜಿ ಹಾಕಿ

ದೇವದುರ್ಗದಲ್ಲೋ ಮಾನ್ವಿಯಲ್ಲೋ ಹೊಲದ ದಾವೆ ಸೋತು, ಎರಡು ತಿಂಗಳ ಬಳಿಕ ಅಪೀಲಿಗೆಂದು ರಾಯಚೂರಿಗೆ ಬರುವವರನ್ನು ಕಂಡರೆ ಸಂಕಟವಾಗುತ್ತದೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ. ನಮಗೆ ಹೈಕೋರ್ಟ್ ಎಂದರೆ ಕಲಬುರಗಿ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು. ನಿಮ್ಮ ಅಪೀಲು ಎಲ್ಲಿಗೆ ಎಂಬುದನ್ನು ತೀರ್ಪಿನ ದಿನವೇ ವಕೀಲರನ್ನು ಕೇಳಿ ಬರೆದುಕೊಳ್ಳಿ.

ಅಂದೇ, ತಪ್ಪಿದರೆ ಮರುದಿನ, ತೀರ್ಪು ಮತ್ತು ಡಿಕ್ರಿ ಎರಡರ ದೃಢೀಕೃತ ನಕಲಿಗೂ ಅದೇ ಕೋರ್ಟಿನಲ್ಲಿ ಅರ್ಜಿ ಹಾಕಿ. ಬಹಳ ಜನ ಎಡವುವುದು ಇಲ್ಲೇ. ‘ಡಿಕ್ರಿ ಇನ್ನೂ ಬರೆದಿಲ್ಲ, ಬರೆದ ಮೇಲೆ ಹಾಕಿದರಾಯಿತು’ ಎಂದು ಕೂರುತ್ತಾರೆ. ಕಾಲಮಿತಿ ಕಾಯ್ದೆಯ 12ನೇ ಕಲಂ ನಕಲಿಗೆ ಹಿಡಿದ ದಿನಗಳನ್ನು ಗಡುವಿನಿಂದ ಕಳೆಯುತ್ತದೆ, ನಿಜ. ಆದರೆ ಅರ್ಜಿ ಬೀಳುವ ಮುಂಚೆ ಡಿಕ್ರಿ ಬರೆಯಲು ಹಿಡಿದ ದಿನಗಳನ್ನು ಕಳೆಯುವುದಿಲ್ಲ. 5ನೇ ದಿನ ಅರ್ಜಿ ಹಾಕಿ, ನಕಲು ಸಿದ್ಧವಾಗಲು 12 ದಿನ ಹಿಡಿದರೆ ಆ 12 ದಿನ ನಿಮಗೆ ಸಿಕ್ಕಿದಂತೆ. 30 ದಿನದ ಗಡುವು ಕಳೆದು 31ನೇ ದಿನ ಹಾಕಿದವರಿಗೆ ಒಂದು ದಿನವೂ ಸಿಗದು. ನಕಲು ಸಿದ್ಧವಾದರೂ ತರಲು ಹೋಗದ ದಿನಗಳು, ಶುಲ್ಕ ಕಟ್ಟಲು ತಡಮಾಡಿದ ದಿನಗಳು ನಿಮ್ಮ ಮೇಲೆಯೇ. ನಕಲಿನ ಮೇಲೆ ಹಾಕಿರುವ ತಾರೀಖುಗಳನ್ನು ಒಂದೊಂದಾಗಿ ನೋಡಿ. ಮೊಬೈಲಿನಲ್ಲಿ ಇಳಿಸಿಕೊಂಡ ತೀರ್ಪು ಓದಲಿಕ್ಕೆ ಮಾತ್ರ. ಅದು ದೃಢೀಕೃತ ನಕಲಲ್ಲ.

ತಡವಾಗಿಯೇ ಹೋಯಿತೇ? 5ನೇ ಕಲಮಿನಡಿ ವಿಳಂಬ ಮನ್ನಾ ಕೇಳಿ, ಕಾರಣವನ್ನು ದಾಖಲೆ ಸಮೇತ ಅಫಿಡವಿಟ್‌ನಲ್ಲಿ ಹೇಳಿ. ‘ಭತ್ತದ ಕಟಾವಿತ್ತು’ ಎಂಬಷ್ಟಕ್ಕೆ ಕೋರ್ಟು ಒಪ್ಪೀತೆಂದು ನಂಬಬೇಡಿ. ಕರ್ನಾಟಕ ಗೃಹ ಮಂಡಳಿಯ 3,966 ದಿನಗಳ ವಿಳಂಬವನ್ನು ನಮ್ಮ ಹೈಕೋರ್ಟ್ ಮನ್ನಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದುಪಡಿಸಿತು. ಮಂಡಳಿಗೇ ಸಿಗದ ರಿಯಾಯಿತಿಯನ್ನು ನೆಚ್ಚಿಕೊಂಡು ಹೊಲ ಕಳೆದುಕೊಳ್ಳಬೇಡಿ.

ಪಾಲಿನ ದಾವೆಯಾದರೆ ಪ್ರಾಥಮಿಕ ಡಿಕ್ರಿಯ ಮೇಲೆಯೇ ಅಪೀಲು ಹೋಗಿ. ಅಂತಿಮ ಡಿಕ್ರಿ ಬಂದ ಮೇಲೆ ಪ್ರಾಥಮಿಕ ಡಿಕ್ರಿಯನ್ನು ಕೆದಕಲಾಗದು. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ಜಾರಿ ನಿಲ್ಲುವುದಿಲ್ಲ, ತಡೆಯಾಜ್ಞೆಯ ಅರ್ಜಿಯನ್ನೂ ಜೊತೆಗೇ ಕೊಡಿ. ಎರಡನೇ ಅಪೀಲು ನಡೆಯುವುದು ಕಾನೂನಿನ ಗಣನೀಯ ಪ್ರಶ್ನೆಯಿದ್ದರೆ ಮಾತ್ರ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರ ನೆರವುಂಟು. ಗೆದ್ದವರು ತಮ್ಮನ್ನು ಕೇಳದೆ ಆದೇಶ ಕೊಡಬಾರದೆಂದು ಮೇಲಿನ ಕೋರ್ಟಿನಲ್ಲಿ ಕೇವಿಯಟ್ ಹಾಕಿಡಿ; ಅದರ ಆಯುಷ್ಯ 90 ದಿನ.