ಲಾರಿಯ ಎಂಜಿನ್ ಬಿಚ್ಚಿದಾಗ ಇ.ಜಿ.ಆರ್. ತೆಗೆಸಬಹುದೇ?



ಭಾನುವಾರಗಳಂದು ನಮ್ಮ ವಾಚನಾಲಯಕ್ಕೆ ಬರುವ ವಿಜಯಪುರದ ಕಡೆಯ ಲಾರಿ ಮಾಲೀಕರೊಬ್ಬರು ಈಚೆಗೆ ಒಂದು ಪ್ರಶ್ನೆ ತಂದರು. ಅವರದು 2018ರ ಮಧ್ಯಮ ಗಾತ್ರದ ಡೀಸೆಲ್ ಲಾರಿ. ಭಾರತ್ ಸ್ಟೇಜ್ 4ರದು. ಆಯಿಲ್ ಕುಡಿಯತೊಡಗಿದ್ದರಿಂದ ಕಲಂಬೋಲಿಯಲ್ಲಿ ಎಂಜಿನ್ ಇಳಿಸಿದ್ದರು. ಮಿಸ್ತ್ರಿ ಹೇಳಿದನಂತೆ: "ಕಾಕಾ, ಈ ಇ.ಜಿ.ಆರ್. ಪೀಡೆಯನ್ನು ಈಗಲೇ ತೆಗೆದು ತಗಡು ಹೊಡೆದುಬಿಡೋಣ. ಎಳೆತ ಹೆಚ್ಚುತ್ತದೆ, ಡೀಸೆಲ್ ಉಳಿಯುತ್ತದೆ."

ನಾನು ಮಿಲ್ಲಿನ ಗುಮಾಸ್ತ, ಪಾನಾ ಹಿಡಿದವನಲ್ಲ. ಆದರೂ ಓದಿ, ತಿಳಿದವರನ್ನು ಕೇಳಿ ಅರಿತದ್ದನ್ನು ಇಲ್ಲಿ ಬರೆದಿದ್ದೇನೆ.

ಗಾಳಿಯಲ್ಲಿ ನೂರಕ್ಕೆ ಸುಮಾರು 78 ಭಾಗ ಸಾರಜನಕವಿದೆ. ಅದು ಸಾಮಾನ್ಯವಾಗಿ ಯಾರ ಗೊಡವೆಗೂ ಹೋಗದು. ಆದರೆ ಸಿಲಿಂಡರಿನ ಭಯಂಕರ ಬಿಸಿಯಲ್ಲಿ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಇವು ಶ್ವಾಸಕೋಶವನ್ನು ಕೆಡಿಸುತ್ತವೆ. ಬಿಸಿಲಿನಲ್ಲಿ ಓಝೋನ್ ಎಂಬ ಇನ್ನೊಂದು ಹಾನಿಕರ ಅನಿಲಕ್ಕೆ ಕಾರಣವಾಗುತ್ತವೆ. ಇ.ಜಿ.ಆರ್. ಮಾಡುವುದಿಷ್ಟೇ: ಹೊರಬಿದ್ದ ಹೊಗೆಯಲ್ಲಿ ಸ್ವಲ್ಪವನ್ನು ಕೂಲರಿನಲ್ಲಿ ತಣಿಸಿ, ಒಂದು ವಾಲ್ವಿನ ಮೂಲಕ ಹೊಸ ಗಾಳಿಗೆ ಬೆರೆಸುವುದು. ಆಮ್ಲಜನಕ ಕಡಿಮೆಯಾಗಿ ಉರಿಯ ಶಾಖ ತಗ್ಗುತ್ತದೆ, ವಿಷಾನಿಲವೂ ತಗ್ಗುತ್ತದೆ.

ಮಿಸ್ತ್ರಿಯ ಮಾತು ಪೂರ್ಣ ಸುಳ್ಳೇನೂ ಅಲ್ಲ. ಹೊಗೆಯೊಡನೆ ಮಸಿಯೂ ಒಳಗೆ ಬರುತ್ತದೆ, ವಾಲ್ವ್ ಅಂಟಿಕೊಳ್ಳುವುದುಂಟು. ಆದರೆ ನಮ್ಮ ಮಾಲೀಕರ ಲಾರಿಯಲ್ಲಿ ಆದದ್ದನ್ನು ನೋಡಿರಿ. ರಿಂಗುಗಳು ಸವೆದಾಗ ಕ್ರ್ಯಾಂಕ್ ಕೇಸಿನಿಂದ ಆಯಿಲಿನ ಆವಿ ಹೆಚ್ಚಾಗಿ ಗಾಳಿಯ ಕೊಳವೆಗೆ ಸೇರುತ್ತದೆ. ಒಣ ಮಸಿಗೆ ಆ ಜಿಡ್ಡು ಕೂಡಿದರೆ ಡಾಂಬರಿನಂತಾಗುತ್ತದೆ. ಎಂದರೆ ಇ.ಜಿ.ಆರ್. ಕಟ್ಟಿಕೊಳ್ಳಲು ಎಂಜಿನ್ನಿನ ಸವೆತವೂ ಕಾರಣ. ರಿಂಗು ಬದಲಾದರೆ ಆ ಕಾರಣವೇ ಹೋಗುತ್ತದೆ. ಹೀಗಿರುವಾಗ ಶಿಕ್ಷೆ ಮಾತ್ರ ವಾಲ್ವಿಗೇಕೆ?

ಇನ್ನು ಎಳೆತದ ಮಾತು. ಇಂಥ ಲಾರಿಗಳಲ್ಲಿ ಪೂರ್ತಿ ಪೆಡಲು ಒತ್ತಿ ಘಾಟಿ ಏರುವಾಗ ಆ ವಾಲ್ವ್ ಸಾಮಾನ್ಯವಾಗಿ ಬಹುಮಟ್ಟಿಗೆ ಮುಚ್ಚಿಯೇ ಇರುತ್ತದೆ. ರಿಪೇರಿಯ ಮೇಲೆ ಗಾಡಿ ಚುರುಕಾದರೆ ಅದು ಹೊಸ ರಿಂಗು, ತೊಳೆದ ಕೊಳವೆಗಳ ಗುಣ. ಕೀರ್ತಿ ತಗಡಿಗೆ ಹೋಗುತ್ತದೆ, ಅಷ್ಟೆ! ತಗಡು ಹೊಡೆದ ಮೇಲೆ ಗಾಡಿಯ ಕಂಪ್ಯೂಟರು ದೋಷ ಕಂಡು ದೀಪ ಹತ್ತಿಸುತ್ತದೆ. ಅದನ್ನು ಮೋಸಗೊಳಿಸಲು ಮತ್ತೊಬ್ಬನಿಗೆ ಹಣ ತೆರಬೇಕು.

"ಪಿ.ಯು.ಸಿ. ಪಾಸಾಗುತ್ತದಲ್ಲ!" ಎನ್ನುವವರಿದ್ದಾರೆ. (ನಮ್ಮ ಮಕ್ಕಳ ಪಿ.ಯು.ಸಿ. ಅಲ್ಲ, ಹೊಗೆಯ ಪರೀಕ್ಷೆ.) ಪಾಸಾದೀತು, ನಿಜ. ಡೀಸೆಲ್ ಗಾಡಿಗೆ ಅಲ್ಲಿ ಅಳೆಯುವುದು ಹೊಗೆಯ ದಟ್ಟತೆಯನ್ನು. ಇ.ಜಿ.ಆರ್. ತೆಗೆದರೆ ಕಪ್ಪು ಹೊಗೆ ಕಡಿಮೆಯೇ ಆಗಬಹುದು. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡು ಹೆಚ್ಚುತ್ತದೆ. ಹೊಗೆ ಕಾಣಲಿಲ್ಲವೆಂದು ಗಾಳಿ ಶುದ್ಧವೆನ್ನುವುದು, ರೋಕಡ ವಹಿಯಲ್ಲಿ ಬರೆಯದ ಸಾಲವನ್ನು ಸಾಲವೇ ಅಲ್ಲವೆಂದಂತೆ. ಅದನ್ನು ಮೊದಲು ಕುಡಿಯುವವರು ಲಾರಿ ಅಡ್ಡೆಗಳಲ್ಲಿ ಮಲಗುವ ಡ್ರೈವರು, ಕ್ಲೀನರು, ಹಮಾಲರು, ನಮ್ಮವರೇ ಬಹಳ.

ಕಾನೂನೂ ಉಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಕೂಡದು. 2019ರ ತಿದ್ದುಪಡಿಯ ಮೇರೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಗಮನಿಸಿರಿ, ಈ ಶಿಕ್ಷೆ ಮಾಲೀಕನಿಗೆ.

ಆದುದರಿಂದ ಎಂಜಿನ್ ಬಿಚ್ಚಿರುವಾಗಲೇ ವಾಲ್ವನ್ನೂ ಗಾಳಿಯ ಮ್ಯಾನಿಫೋಲ್ಡನ್ನೂ ಮಸಿ ಹೋಗುವಂತೆ ತೊಳೆಸತಕ್ಕದ್ದು. ಆಗ ಕೂಲಿ ಕಡಿಮೆ. ಇಂಜೆಕ್ಟರು, ಟರ್ಬೊ, ಏರ್ ಫಿಲ್ಟರುಗಳನ್ನು ನೋಡಿಸಬೇಕು, ಮಸಿ ಹೆಚ್ಚುವುದು ಅಲ್ಲಿಂದಲೇ. ಕೂಲರನ್ನು ಮಾತ್ರ ಮರೆಯಬಾರದು. ಅದರ ಬಾಯಿಗಳನ್ನು ಮುಚ್ಚಿ, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಹೊರಗೆ ಒಂದು ಹನಿಯೂ ಬೀಳದೆ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಮೊದಲ ಸಂಶಯ ಇದರ ಮೇಲೆಯೇ.

ನಮ್ಮ ಮಾಲೀಕರ ಕೂಲರಿನಲ್ಲಿಯೂ ಗುಳ್ಳೆ ಎದ್ದಿತು. ಗೊಣಗುತ್ತಲೇ ಹೊಸದು ಹಾಕಿಸಿ, ಬಿಲ್ಲನ್ನು ನನ್ನ ಮುಂದೆ ಇಟ್ಟರು. ಕೂಡಿಸಿದ ಮೊತ್ತದಲ್ಲಿ 200 ರೂಪಾಯಿ ಹೆಚ್ಚಾಗಿತ್ತು. ಅದನ್ನಂತೂ ನಾನು ಯಾರನ್ನೂ ಕೇಳದೆ ಹಿಡಿದೆ.