ನೀರಿಗಾಗಿ ಬೆಟ್ಟ ಕೊಂಡ ನಗರ



ನೀರನ್ನು ಶುದ್ಧ ಮಾಡೋದು ಹೇಗೆ ಅಂತ ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ಮೂರು ಮಡಕೆಯ ಚಿತ್ರ ಬರೀತೀವಿ. ಇದ್ದಿಲು, ಮರಳು, ಕೆಳಗೆ ತಿಳಿ ನೀರು. ಆದರೆ ಅಮೆರಿಕ ದೇಶದ ನ್ಯೂಯಾರ್ಕ್ ನಗರ ಇದಕ್ಕೆ ಬೇರೆ ದಾರಿ ಹಿಡಿಯಿತು. ನೀರು ಸೋಸುವ ಯಂತ್ರ ಕಟ್ಟುವ ಬದಲು, ನೀರು ಹುಟ್ಟುವ ಕಡೆ ಜಮೀನು ಕೊಂಡಿತು. ಅದೂ ಬಲವಂತದಿಂದಲ್ಲ, ಮಾಲೀಕರ ಜೊತೆ ಮಾತಾಡಿ, ಚೌಕಾಸಿ ಮಾಡಿ.

ನ್ಯೂಯಾರ್ಕಿನಲ್ಲಿ 80 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ. ದಿನಕ್ಕೆ ಸುಮಾರು 100 ಕೋಟಿ ಗ್ಯಾಲನ್ ನೀರು ಬೇಕು. ಒಂದು ಅಮೆರಿಕನ್ ಗ್ಯಾಲನ್ ಅಂದರೆ 3.8 ಲೀಟರ್ ಹತ್ತಿರ. ಲೆಕ್ಕ ಮಾಡಿ ನೋಡಿ, ತಲೆ ತಿರುಗುತ್ತೆ! ಈ ನೀರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬರೋದು ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯಿಂದ. ಕೆಲವು ಜಲಾಶಯಗಳು ನಗರದಿಂದ 200 ಕಿ.ಮೀ. ದೂರ ಇವೆ. ನೆಲದೊಳಗಿನ ಸುರಂಗಗಳಲ್ಲಿ ನೀರು ತಾನಾಗಿಯೇ ಇಳಿದು ಬರುತ್ತದೆ. ಒಂದು ಸುರಂಗವಂತೂ 137 ಕಿ.ಮೀ. ಉದ್ದ.

ಮೊದಲು ನಗರದವರು ಜಮೀನು ಪಡೆದ ರೀತಿ ಒಳ್ಳೆಯದಿರಲಿಲ್ಲ. 1905ರ ಒಂದು ಕಾನೂನಿನಿಂದ ಅವರಿಗೆ ಒತ್ತಾಯವಾಗಿ ಜಮೀನು ವಶ ಮಾಡಿಕೊಳ್ಳುವ ಅಧಿಕಾರ ಬಂತು. 1907ರಲ್ಲಿ ಅಶೋಕನ್ ಎಂಬ ಜಲಾಶಯದ ಕೆಲಸ ಶುರುವಾಯಿತು. (ನಮ್ಮ ಅಶೋಕ ಚಕ್ರವರ್ತಿ ಅಲ್ಲ, ಅದು ಅಲ್ಲಿನ ಮೂಲನಿವಾಸಿಗಳ ಮಾತು.) ಸುಮಾರು 2,000 ಜನ ಮನೆ ಮಠ ಬಿಟ್ಟು ಹೋದರು. ಸಮಾಧಿಗಳನ್ನೂ ಅಗೆದು ಬೇರೆ ಕಡೆ ಸಾಗಿಸಿದರು. ಪೆಪ್ಯಾಕ್ಟನ್ ಎಂಬ ಇನ್ನೊಂದು ಜಲಾಶಯ 1955ರ ಹೊತ್ತಿಗೆ ಮುಗಿಯಿತು. ಅದರಲ್ಲಿ ನಾಲ್ಕು ಊರು ಮುಳುಗಿದವು. ಪರಿಹಾರ ಕೊಟ್ಟರು ನಿಜ. ಆದರೆ "ಕೊಡಲ್ಲ" ಅನ್ನೋ ಹಕ್ಕು ಜನರಿಗೆ ಇರಲಿಲ್ಲ. ಅಶೋಕನ್ ಸುತ್ತ ರಸ್ತೆ ಬದಿಯಲ್ಲಿ "ಇಂಥ ಊರು ಮೊದಲು ಇಲ್ಲಿತ್ತು" ಎಂಬ ಫಲಕಗಳು ಇವೆಯಂತೆ. ಊರಿನ ಹೆಸರು ಬರೀ ಹಲಗೆ ಮೇಲೆ ಉಳಿಯೋದು ಎಷ್ಟು ಬೇಜಾರು ಅಲ್ವಾ?

ಇನ್ನು ಮುಖ್ಯ ವಿಷಯಕ್ಕೆ ಬರೋಣ. 1989ರಲ್ಲಿ ಅಮೆರಿಕ ಸರ್ಕಾರ ಒಂದು ನಿಯಮ ತಂದಿತು. ನದಿ, ಕೆರೆಗಳಿಂದ ತೆಗೆದ ಕುಡಿಯುವ ನೀರನ್ನು ಸೋಸಲೇಬೇಕು. ನೀರು ಬರುವ ಜಾಗವನ್ನೇ ಶುದ್ಧವಾಗಿ ಕಾಪಾಡುತ್ತೇವೆ ಎಂದು ತೋರಿಸಿದರೆ ಮಾತ್ರ ಬಿಡುಗಡೆ. ಸೋಸುವ ಘಟಕಕ್ಕೆ 600 ಕೋಟಿ ಡಾಲರ್ ಆಗಬಹುದು ಅಂತ ಲೆಕ್ಕ ಹಾಕಿದರು. ಆಮೇಲೆ ಅದನ್ನು ನಡೆಸುವ ಖರ್ಚು ಪ್ರತಿ ವರ್ಷ ಬೇರೆ.

ಕಾಡು ನೀರನ್ನು ಹೇಗೆ ಕಾಪಾಡುತ್ತೆ? ಮಳೆ ನೇರವಾಗಿ ಬರಿ ನೆಲದ ಮೇಲೆ ಬಿದ್ದರೆ ಮಣ್ಣು ಕೊಚ್ಚಿ ಹಳ್ಳ ಕೆಂಪಾಗುತ್ತದೆ. ಇದನ್ನು ನಾವು ಆಷಾಢದಲ್ಲಿ ನೋಡೇ ಇದ್ದೀವಿ. ಕಾಡಿನಲ್ಲಿ ಎಲೆ, ಕೊಂಬೆ, ತರಗು ಆ ಹೊಡೆತ ತಡೆಯುತ್ತವೆ. ನೀರು ನಿಧಾನವಾಗಿ ಇಂಗಿ, ಬೇರುಗಳ ನಡುವೆ ಸೋಸಿ, ಹಳ್ಳಕ್ಕೆ ಬರುತ್ತದೆ. ಅದೇ ಜಾಗದಲ್ಲಿ ಮನೆ, ಡಾಂಬರು ರಸ್ತೆ ಆದರೆ ಕೊಳೆಯೆಲ್ಲ ಒಂದೇ ಸಲ ಜಲಾಶಯಕ್ಕೆ. ಗೊಬ್ಬರದ ರಂಜಕ ಹೆಚ್ಚಾದರೆ ನೀರಲ್ಲಿ ಪಾಚಿ ಬೆಳೆಯುತ್ತದೆ. ಅಂದರೆ ಕಾಡೇ ದೊಡ್ಡ ಮಡಕೆ ಇದ್ದ ಹಾಗೆ.

ಆದರೆ ಆ ಬೆಟ್ಟಗಳಲ್ಲಿ ನಗರದ ಸ್ವಂತ ಜಮೀನು ತೀರಾ ಕಡಿಮೆ. ಹೆಚ್ಚಿನದು ರೈತರದು ಮತ್ತು ಖಾಸಗಿ ಜನರದು. 1990ರಲ್ಲಿ ನಗರದವರು ಹಳ್ಳದ ಹತ್ತಿರ ಗೊಬ್ಬರ ಹಾಕಬಾರದು, ಕಟ್ಟಡ ಕಟ್ಟಬಾರದು ಎಂಬಂಥ ನಿಯಮಗಳ ಕರಡು ತಂದರು. ರೈತರು ರೇಗಿಬಿಟ್ಟರು. ಅಜ್ಜಂದಿರ ಊರು ಮುಳುಗಿಸಿದವರು ಈಗ ನಮ್ಮ ಕೊಟ್ಟಿಗೆಗೂ ಬಂದರಾ ಅಂತ ಅವರಿಗೆ ಅನ್ನಿಸಿದ್ದರೆ ತಪ್ಪೇನು? 1991ರಲ್ಲಿ ಊರುಗಳು ಸೇರಿ ಒಕ್ಕೂಟ ಮಾಡಿಕೊಂಡವು. ವರ್ಷಗಟ್ಟಲೆ ಜಗ್ಗಾಟ ನಡೆದು, ಕೊನೆಗೆ 1997ರ ಜನವರಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು.

ಒಪ್ಪಂದದಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಮಾರಲು ಇಷ್ಟ ಇದ್ದವರಿಂದ ಮಾತ್ರ ಕೊಳ್ಳಬೇಕು. ಈ ಯೋಜನೆಯಲ್ಲಿ ಬಲವಂತದ ವಶ ಇಲ್ಲ. ಬೆಲೆಯನ್ನು ಹೊರಗಿನ ಪರಿಣತರು ಮಾರುಕಟ್ಟೆ ದರ ನೋಡಿ ಹೇಳಬೇಕು. ಕೊಂಡ ಮೇಲೂ ನಗರ ಆ ಜಮೀನಿಗೆ ಕಂದಾಯ ಕಟ್ಟಬೇಕು. ಇಲ್ಲದಿದ್ದರೆ ಆ ಊರಿನ ಶಾಲೆ ನಡೆಯೋದು ಹೇಗೆ? ಅಲ್ಲಿ ಶಾಲೆಗಳಿಗೆ ಆಸ್ತಿ ತೆರಿಗೆಯ ಹಣ ಬೇಕು.

ಜಮೀನಿಗಾಗಿ 25 ಕೋಟಿ ಡಾಲರ್ ಇಟ್ಟರು. 3,55,050 ಎಕರೆಯ ಮಾಲೀಕರನ್ನು ನಗರ ಹತ್ತು ವರ್ಷದಲ್ಲಿ ಕೇಳಬೇಕು ಎಂದಾಯಿತು. ಕೇಳಬೇಕು ಅಷ್ಟೇ, ಎಲ್ಲಾ ಕೊಳ್ಳಬೇಕು ಅಂತಲ್ಲ. ಇನ್ನೊಂದು ಉಪಾಯವೂ ಇತ್ತು. ಜಮೀನು ರೈತನ ಹೆಸರಲ್ಲೇ ಇರುತ್ತದೆ, ನಮ್ಮಲ್ಲಿ ಪಹಣಿ ಬದಲಾಗದ ಹಾಗೆ. ಆದರೆ ಅಲ್ಲಿ ಬಡಾವಣೆ ಮಾಡುವ ಹಕ್ಕನ್ನು ಮಾತ್ರ ಮಾರಿ ದುಡ್ಡು ತೆಗೆದುಕೊಳ್ಳಬಹುದು. ಮುಂದೆ ಆ ಜಮೀನನ್ನು ಯಾರು ಕೊಂಡರೂ ಆ ಷರತ್ತು ಹೋಗುವುದಿಲ್ಲ. ಮನೆಗಳ ಶೌಚದ ಗುಂಡಿ ರಿಪೇರಿಗೆ, ದನದ ಗೊಬ್ಬರ ಹಳ್ಳಕ್ಕೆ ಹೋಗದಂತೆ ಮಾಡಲು ಕೂಡ ನಗರವೇ ಹಣ ಕೊಟ್ಟಿತು.

ಹೀಗೆ ಪಡೆದದ್ದು ಈಗ ಒಂದೂವರೆ ಲಕ್ಷ ಎಕರೆ ಹತ್ತಿರ. ಕೊಂಡ ಜಮೀನಿನಲ್ಲಿ ಬಹಳಷ್ಟು ಕಡೆ ಯಾರು ಬೇಕಾದರೂ ನಡೆದಾಡಬಹುದು, ಮೀನು ಹಿಡಿಯಬಹುದು. ಕ್ಯಾಟ್‌ಸ್ಕಿಲ್ ಕಡೆಯ ನೀರಿಗೆ ಕ್ಲೋರಿನ್ ಹಾಕಿ, ನೇರಳಾತೀತ ಕಿರಣ ಬಿಡುತ್ತಾರೆ, ಸೋಸುವುದಿಲ್ಲ.

ಊರಿನವರ ತಕರಾರು ಪೂರ್ತಿ ನಿಂತಿಲ್ಲ. ಬೆಟ್ಟದ ಸೀಮೆಯಲ್ಲಿ ಸಮತಟ್ಟು ಜಾಗವೇ ಸ್ವಲ್ಪ. ಅದನ್ನೂ ನಗರ ಕೊಂಡರೆ ನಮ್ಮ ಮಕ್ಕಳು ಮನೆ ಕಟ್ಟೋದು ಎಲ್ಲಿ, ಅಂಗಡಿ ಇಡೋದು ಎಲ್ಲಿ ಅಂತ ಕೇಳುತ್ತಾರೆ. ಇದಕ್ಕಾಗಿಯೇ ಒಪ್ಪಂದದಲ್ಲಿ ಊರುಗಳಿಗೆ ಒಂದು ಅಧಿಕಾರ ಇದೆ. ಊರಿನ ಸುತ್ತ ತಾವೇ ಗೆರೆ ಎಳೆದು, ಇದರೊಳಗಿನ ಜಮೀನನ್ನು ನಗರ ಕೊಳ್ಳಬಾರದು ಅಂತ ಹೇಳಬಹುದು. ಎಷ್ಟೋ ಊರುಗಳು ಹಾಗೆ ಗೆರೆ ಎಳೆದುಕೊಂಡಿವೆ.